ಹದಿನಾಲ್ಕು ಕಿಲೋಮೀಟರ್ ದೂರದ ತವರು

ದಾವಣಗೆರೆಯ ಆನೆಕೊಂಡದಲ್ಲಿರುವ ನಮ್ಮ ಮನೆಗೂ ಹರಿಹರಕ್ಕೂ ಸುಮಾರು 14 ಕಿಲೋಮೀಟರ್ ದೂರ. ಬಸ್ಸು ಹತ್ತಿದರೆ ಅರ್ಧ ಗಂಟೆಯ ದಾರಿ. ಅಲ್ಲಿ ಗುಡಿಯ ಹಿಂದಿನ ಒಂದು ಓಣಿಯಲ್ಲಿ ನನ್ನ ತವರುಮನೆ ಇದೆ. ಆ ಮನೆಯ ಹೊಸ್ತಿಲನ್ನು ನಾನು 2012ರಿಂದ ತುಳಿದಿಲ್ಲ. ಆದರೆ ತಿಂಗಳಿಗೊಂದು ಭಾನುವಾರವಾದರೂ ಹರಿಹರಕ್ಕೆ ಹೋಗುತ್ತೇನೆ. ಹೆಗಲಿಗೆ ಕ್ಯಾಮೆರಾದ ಚೀಲ, ಕೈಯಲ್ಲೊಂದು ನೀರಿನ ಬಾಟಲಿ. ಹೊಳೆದಂಡೆಯಲ್ಲಿ ನಡೆಯುತ್ತೇನೆ, ಹಕ್ಕಿಗಳ ಚಿತ್ರ ತೆಗೆಯುತ್ತೇನೆ, ಮಧ್ಯಾಹ್ನದ ಬಸ್ಸಿಗೆ ಹಿಂದಿರುಗುತ್ತೇನೆ. ಓಣಿಯ ಕಡೆ ಮಾತ್ರ ತಿರುಗುವುದಿಲ್ಲ.

ಉಳಿದ ದಿನಗಳಲ್ಲಿ ನನ್ನ ನಡಿಗೆ ಆನೆಕೊಂಡದ ಸುತ್ತಮುತ್ತಲೇ. ಬಸವೇಶ್ವರನ ಕಾರ್ಣಿಕಕ್ಕೆ ಜನ ಕಿಕ್ಕಿರಿದು ಸೇರುವ ಊರಿದು. ಹಿಂದೆ ಊರೇ ಆಗಿತ್ತು, ಈಗ ದಾವಣಗೆರೆಯ ಒಂದು ಭಾಗ. ಬಡಾವಣೆಗಳನ್ನು ದಾಟಿ ಹೋದರೆ ಭದ್ರಾ ನಾಲೆಯ ನೀರುಂಡ ಗದ್ದೆಗಳು ಈಗಲೂ ಸಿಗುತ್ತವೆ. ಬೆಳಗಿನ ಆರು ಗಂಟೆಗೆ ಬದುವಿನ ಮೇಲೆ ಬೆಳ್ಳಕ್ಕಿಗಳು, ತಂತಿಯ ಮೇಲೆ ಮಿಂಚುಳ್ಳಿ, ಜಾಲಿಮರದಲ್ಲಿ ಗೀಜಗನ ಗೂಡು. ಮೊದಮೊದಲು ಎದುರಾದವರು, "ಟೀಚರ್ರೇ, ಒಬ್ಬರೇ ಯಾವ ಕಡೆ ಹೊಂಟ್ರಿ?" ಎಂದು ಕೇಳುತ್ತಿದ್ದರು. ಹೆಂಗಸು ಒಬ್ಬಳೇ ಗದ್ದೆಯ ಕಡೆ ನಡೆದರೆ ಅದಕ್ಕೊಂದು ಕಾರಣ ಬೇಕು ನೋಡಿ. ಕ್ಯಾಮೆರಾ ನನಗೆ ಆ ಕಾರಣವನ್ನು ಒದಗಿಸಿತು. ಈಗ ಯಾರೂ ಕೇಳುವುದಿಲ್ಲ. "ಅಲ್ಲಿ ಟಿಟ್ಟಿಭ ಮೊಟ್ಟೆ ಇಟ್ಟೈತಿ, ನೋಡ್ರಿ" ಎಂದು ಅವರೇ ತೋರಿಸುತ್ತಾರೆ.

ಕ್ಯಾಮೆರಾ ಹಿಡಿಯುವುದನ್ನು ನನಗೆ ಕಲಿಸಿದವನು ಅಣ್ಣ. 1980ರ ದಶಕದ ಕೊನೆಯಲ್ಲಿ, ಮೊದಲ ಬೋನಸ್ಸಿನಲ್ಲಿ ಅವನೊಂದು ಹಾಟ್‌ಶಾಟ್ ಕ್ಯಾಮೆರಾ ಕೊಂಡಿದ್ದ. ರೋಲಿಗೆ 36 ಚಿತ್ರ. ಒಂದೊಂದಕ್ಕೂ ಲೆಕ್ಕ. "ಉಸಿರು ಬಿಗಿ ಹಿಡಿದು ಒತ್ತು, ಕೈ ಅಲುಗಬಾರದು" ಎನ್ನುತ್ತಿದ್ದ. ಹರಿಹರೇಶ್ವರನ ಗುಡಿಯ ಕಂಬಕ್ಕೆ ಒರಗಿ ನಿಂತ ಅವನ ಚಿತ್ರವೇ ನಾನು ತೆಗೆದ ಮೊದಲನೆಯದು. ತಲೆ ಅರ್ಧ ಕತ್ತರಿಸಿಹೋಗಿತ್ತು. ಆದರೂ ಅವ್ವ ಅದನ್ನು ಆಲ್ಬಮ್ಮಿಗೆ ಅಂಟಿಸಿದ್ದಳು. ಆ ಆಲ್ಬಮ್ ಈಗಲೂ ಆ ಮನೆಯಲ್ಲೇ ಇದೆ.

ನಮ್ಮ ನಡುವೆ ಏನಾಯಿತು ಎಂಬುದು ಬಹಳ ಸಣ್ಣ ಕಥೆ. ನಿಮ್ಮಲ್ಲಿ ಹಲವರ ಮನೆಯ ಕಥೆಯೂ ಇರಬಹುದು. ಅವ್ವ ಮೊದಲೇ ಹೋಗಿದ್ದಳು. 2011ರಲ್ಲಿ ಅಪ್ಪ ತೀರಿಕೊಂಡರು. ವರ್ಷದ ಕಾರ್ಯ ಮುಗಿದ ಮೇಲೆ ಅಣ್ಣ ಒಂದು ಕಾಗದ ತಂದು ಮುಂದಿಟ್ಟ. ಅಜ್ಜನ ಕಾಲದ ಆ ಮನೆಯಲ್ಲಿ ನನ್ನ ಹಕ್ಕನ್ನು ಬಿಟ್ಟುಕೊಟ್ಟಿದ್ದೇನೆ ಎಂಬ ಹಕ್ಕು ಬಿಡುಗಡೆ ಪತ್ರ. "ನಿನಗೇನು ಕಮ್ಮಿ ಆಗೇತವ್ವಾ? ಸಹಿ ಹಾಕು. ತವರು ಅನ್ನೋದು ಇದ್ದೇ ಇರ್ತೈತಿ" ಎಂದ.

ನಾನು ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸುವವಳು. ಹೆಣ್ಣುಮಕ್ಕಳ ಆಸ್ತಿಹಕ್ಕಿನ ಇತಿಹಾಸವನ್ನು ಎಷ್ಟು ಸಲ ಕಪ್ಪುಹಲಗೆಯ ಮೇಲೆ ಬರೆದಿಲ್ಲ! ಹರಿಹರ, ದಾವಣಗೆರೆ ಎರಡೂ ಮೈಸೂರು ಸಂಸ್ಥಾನಕ್ಕೆ ಸೇರಿದ್ದವು. ಆ ಸಂಸ್ಥಾನದಲ್ಲಿ 1933ರಲ್ಲೇ ಹಿಂದೂ ಸ್ತ್ರೀಯರ ಹಕ್ಕುಗಳ ಕಾಯಿದೆ ಬಂದಿತ್ತು. 1956ರಲ್ಲಿ ಇಡೀ ದೇಶಕ್ಕೆ ಹಿಂದೂ ಉತ್ತರಾಧಿಕಾರ ಕಾಯಿದೆ ಬಂತು. ಆದರೆ ಪಿತ್ರಾರ್ಜಿತ ಆಸ್ತಿಯಲ್ಲಿ ಹುಟ್ಟಿನಿಂದ ಬರುವ ಪಾಲು ಗಂಡುಮಕ್ಕಳಿಗೇ ಉಳಿಯಿತು. ಕರ್ನಾಟಕ ಆ ಕಾಯಿದೆಗೆ ತಂದ ತಿದ್ದುಪಡಿ 1994ರ ಜುಲೈ 30ರಿಂದ ಜಾರಿಗೆ ಬಂತು. ಅದರಿಂದ ಮಗಳಿಗೂ ಮಗನಷ್ಟೇ ಹಕ್ಕು ಸಿಕ್ಕಿತು, ಅಲ್ಲಿಯವರೆಗೆ ಮದುವೆಯಾಗಿ ಹೋದವರನ್ನು ಬಿಟ್ಟು. 2005ರಲ್ಲಿ ಕೇಂದ್ರ ಸರ್ಕಾರದ ತಿದ್ದುಪಡಿ ಬಂದು ಮದುವೆಯಾದವರು, ಆಗದವರು ಎಂಬ ಭೇದವೂ ಹೋಯಿತು. ಈ ಹಕ್ಕು ಮಗಳಿಗೆ ಹುಟ್ಟಿನಿಂದಲೇ ಬರುವುದೆಂದು, 2005ರಲ್ಲಿ ತಂದೆ ಬದುಕಿರಲೇಬೇಕೆಂದಿಲ್ಲವೆಂದು ಸುಪ್ರೀಂ ಕೋರ್ಟು 2020ರಲ್ಲಿ ಹೇಳಿತು.

ನನ್ನ ಮದುವೆ ಆದದ್ದು 1993ರಲ್ಲಿ. ಅಂದರೆ ಕರ್ನಾಟಕದ ಕಾಯಿದೆ ನನ್ನನ್ನು ಹೊರಗಿಟ್ಟಿತ್ತು, 2005ರ ತಿದ್ದುಪಡಿಯ ಪ್ರಕಾರ ನಾನು ಹಕ್ಕುದಾರಳು. ಪಾಲು ಬೇಕೆಂದು ನಾನು ಬಾಯಿಬಿಟ್ಟು ಕೇಳಿರಲಿಲ್ಲ. ಆದರೆ ತರಗತಿಯಲ್ಲಿ ಕುಳಿತ ಹುಡುಗಿಯರಿಗೆ "ಇದು ನಿಮ್ಮ ಹಕ್ಕು" ಎಂದು ಹೇಳುವ ಇದೇ ಕೈ ಆ ಕಾಗದದ ಮೇಲೆ ಓಡಲಿಲ್ಲ. "ಸಹಿ ಮಾತ್ರ ಕೇಳಬೇಡಣ್ಣ" ಎಂದೆ. ಅಷ್ಟೇ. ಮುಂದಿನದು ವಕೀಲರ ನೋಟೀಸು, ಕೊನೆಗೆ 2015ರಲ್ಲಿ ರಾಜಿ. ನನ್ನ ಪಾಲಿಗೊಂದು ಮೊತ್ತ ಬಂತು. ಮಗಳ ಓದಿಗಾಯಿತು.

ಅಣ್ಣನ ತಪ್ಪು ಎಂದು ಹೇಳಿಬಿಟ್ಟರೆ ಸುಲಭ. ಆದರೆ ಅವನು ದುಡಿಯುತ್ತಿದ್ದ ಕಾರ್ಖಾನೆ ಅದಕ್ಕೂ ಎಷ್ಟೋ ವರ್ಷ ಮೊದಲೇ ಮುಚ್ಚಿತ್ತು. ಆ ಮನೆಯೊಂದನ್ನು ಬಿಟ್ಟರೆ ಅವನಿಗೆ ಬೇರೆ ಆಸರೆ ಇರಲಿಲ್ಲ. ಅಪ್ಪ-ಅವ್ವನನ್ನು ಕೊನೆತನಕ ನೋಡಿಕೊಂಡವರು ಅವನೂ ಅತ್ತಿಗೆಯೂ. ನನಗೆ ಕೊಡಬೇಕಾದ ಹಣಕ್ಕೆ ಅವನು ಸಾಲ ಮಾಡಿದನೆಂದು ಆಮೇಲೆ ಕೇಳಿದೆ. ಸಹಿ ಹಾಕದೆ ಇದ್ದುದಕ್ಕೆ ನನಗೆ ಪಶ್ಚಾತ್ತಾಪವಿಲ್ಲ. ಆದರೆ ಆ ರಾತ್ರಿ ನಿದ್ದೆ ಬರಲಿಲ್ಲ. ಎರಡೂ ನಿಜ.

ನಮ್ಮ ಕಡೆ ನಾಗರಪಂಚಮಿ ಎಂದರೆ ಹೆಣ್ಣುಮಕ್ಕಳು ತವರಿಗೆ ಹೋಗುವ ಹಬ್ಬ. ಅಣ್ಣಂದಿರು ಬಂದು ಕರೆದೊಯ್ಯುತ್ತಾರೆ. ಜೋಕಾಲಿ, ಎಳ್ಳುಂಡಿ, ಶೇಂಗಾ ಉಂಡಿ, ತಂಬಿಟ್ಟು. 2012ರಿಂದ ನನ್ನನ್ನು ಕರೆಯಲು ಯಾರೂ ಬರಲಿಲ್ಲ. ಮೊದಲ ವರ್ಷ ಉಂಡಿ ಕಟ್ಟಿ, ಸಂಜೆಯವರೆಗೂ ಬಾಗಿಲ ಕಡೆ ನೋಡಿದೆ. ಆಮೇಲೆ ಕ್ಯಾಮೆರಾ ತೆಗೆದುಕೊಂಡು ಗದ್ದೆಯ ಕಡೆ ನಡೆದೆ. ಈ ಒಂಟಿ ನಡಿಗೆ ಶುರುವಾದದ್ದು ಅಂದಿನಿಂದ.

ಹೀಗೆ ನಡೆಯುತ್ತಾ ನಡೆಯುತ್ತಾ ನೀರಿನ ದಾರಿ ಹಿಡಿದು ಸೂಳೆಕೆರೆಯನ್ನೂ ಕಂಡು ಬಂದೆ. ಚನ್ನಗಿರಿ ತಾಲ್ಲೂಕಿನ ಆ ಕೆರೆಯನ್ನು ಈಗ ಶಾಂತಿಸಾಗರ ಎನ್ನುತ್ತಾರೆ. ಎರಡು ಗುಡ್ಡಗಳ ನಡುವೆ ಒಂದು ಏರಿ, ಅದರ ಹಿಂದೆ ಕಣ್ಣು ಹಾಯುವಷ್ಟು ದೂರ ನೀರು. ಅಲ್ಲಿ ಶಾಂತವ್ವನ ಕಥೆ ಹೇಳುತ್ತಾರೆ. ಒಬ್ಬೊಬ್ಬರ ಬಾಯಲ್ಲಿ ಒಂದೊಂದು ರೀತಿ. ನಾನು ಕೇಳಿದ್ದು ಹೀಗೆ: ಶಾಂತವ್ವ ಅರಸನ ಮಗಳು. ಸಿದ್ಧನೊಬ್ಬನೊಡನೆ ಹೋಗಿ ಹಿಂದಿರುಗಿದಾಗ ತಂದೆ ಅವಳ ಶೀಲವನ್ನು ಶಂಕಿಸಿದ. ನೊಂದ ಮಗಳು ಕೆರೆ ಕಟ್ಟಿಸಿದಳು. ಆ ಜಾಗ ವೇಶ್ಯೆಯರದು. ನೆಲ ಬಿಟ್ಟುಕೊಡುತ್ತೇವೆ, ಕೆರೆಗೆ ನಮ್ಮ ಹೆಸರಿರಲಿ ಎಂದು ಅವರು ಕೇಳಿದರಂತೆ. ಹೀಗಾಗಿ ಆ ಹೆಸರು.

ಇದು ಇತಿಹಾಸವೋ ದಂತಕಥೆಯೋ ಎಂದು ಕೇಳಿದರೆ ದಂತಕಥೆಯೇ. ಆದರೆ ಏರಿಯ ಮೇಲೆ ನಿಂತಾಗ ನನಗೊಂದು ಮಾತು ಹೊಳೆಯಿತು. ತಂದೆಯ ಮನೆಯಲ್ಲಿ ನಿಲ್ಲಲಾಗದ ಮಗಳು ತಾನೇ ಒಂದು ನೆಲೆ ಕಟ್ಟಿಕೊಂಡ ಕಥೆ ನಮ್ಮ ಜಿಲ್ಲೆಗೆ ಹೊಸದಲ್ಲ. ಇನ್ನೊಂದು ವಿಷಯವೂ ಇದೆ. ಆ ಕೆರೆಯಿಂದ ಹೊರಡುವ ಹಳ್ಳದ ಹೆಸರು ಹರಿದ್ರಾ. ಅದು ಹರಿದು ಬಂದು ತುಂಗಭದ್ರೆಯನ್ನು ಸೇರುವುದು ನಮ್ಮ ಹರಿಹರದಲ್ಲಿ. ಚಿಕ್ಕವರಿದ್ದಾಗ ನಾನೂ ಅಣ್ಣನೂ ಆಡಿದ್ದು ಅದೇ ನೀರಿನಲ್ಲಿ. ಅದು ಶಾಂತವ್ವನ ಕೆರೆಯ ನೀರು ಎಂದು ಆಗ ನಮಗೆ ಯಾರೂ ಹೇಳಿರಲಿಲ್ಲ.

ಹರಿಹರೇಶ್ವರನ ಗುಡಿಯನ್ನು ಹೊಯ್ಸಳ ಎರಡನೆಯ ನರಸಿಂಹನ ದಂಡನಾಯಕ ಪೋಲಾಳ್ವ 1224ರ ಸುಮಾರಿಗೆ ಕಟ್ಟಿಸಿದ. 1268ರಲ್ಲಿ ಸೋಮ ದಂಡನಾಯಕ ಅದಕ್ಕೆ ಇನ್ನಷ್ಟು ಸೇರಿಸಿದ. ಒಳಗಿನ ಮೂರ್ತಿಯ ಬಲಭಾಗ ಶಿವ, ಎಡಭಾಗ ವಿಷ್ಣು. ಗುಹಾಸುರನನ್ನು ಕೊಲ್ಲಲು ಇಬ್ಬರೂ ಒಂದೇ ದೇಹವಾಗಿ ಬಂದರೆಂದು ಸ್ಥಳಪುರಾಣ. ಜಗಳವಾಡುವ ನಮ್ಮಿಬ್ಬರಿಗೂ ಅವ್ವ ಆ ಮೂರ್ತಿಯನ್ನು ತೋರಿಸಿ, "ದೇವರೇ ಪಾಲಾಗದೆ ಒಂದರಾಗೆ ನಿಂತಾರೆ" ಎನ್ನುತ್ತಿದ್ದಳು.

ಈ ಗುಡಿಯ ಒಂದು ಹಳೆಯ ಛಾಯಾಚಿತ್ರವಿದೆ. ಸುಮಾರು 1857ರದು. ತೆಗೆದವರು ಪಿಗೌ ಎಂಬ ಬ್ರಿಟಿಷ್ ವೈದ್ಯರು. ಬೊಂಬಾಯಿ ಸರ್ಕಾರ ಅವರನ್ನು ಹಳೆಯ ಕಟ್ಟಡಗಳ ಚಿತ್ರ ತೆಗೆಯಲು ನೇಮಿಸಿತ್ತು. ಅವರು 1858ರಲ್ಲಿ ತೀರಿಕೊಂಡರು. ಅವರೂ ಇನ್ನಿಬ್ಬರೂ ತೆಗೆದ ಧಾರವಾಡ ಮತ್ತು ಮೈಸೂರು ಸೀಮೆಯ ಗುಡಿಗಳ ಚಿತ್ರಗಳು 1866ರಲ್ಲಿ ಲಂಡನ್ನಿನಲ್ಲಿ ಪುಸ್ತಕವಾದವು. ಅದಕ್ಕೆ ಇತಿಹಾಸದ ಭಾಗ ಬರೆದವರು ಸುರಪುರದಲ್ಲಿ ಅಧಿಕಾರಿಯಾಗಿದ್ದ ಮೆಡೋಸ್ ಟೇಲರ್. 1844ರಲ್ಲಿ ಹೆಂಡತಿಯನ್ನು ಕಳೆದುಕೊಂಡ ಮೇಲೂ ವರ್ಷಗಟ್ಟಲೆ ಸುರಪುರದಲ್ಲಿದ್ದು, ಸುತ್ತಲಿನ ಬಯಲಿನ ಪುರಾತನ ಕಲ್ಲುಗೋರಿಗಳನ್ನು ಹುಡುಕಿ ದಾಖಲಿಸಿದವರು ಅವರು.

ಆ ಕಾಲದ ಕ್ಯಾಮೆರಾಕ್ಕೆ ಬೆಳಕು ಹಿಡಿಯಲು ಬಹಳ ಹೊತ್ತು ಬೇಕಾಗುತ್ತಿತ್ತು. ಕದಲದೆ ನಿಂತ ಕಂಬ, ಗೋಡೆಗಳು ಸ್ಪಷ್ಟವಾಗಿ ಮೂಡುತ್ತಿದ್ದವು. ಮುಂದೆ ನಡೆದು ಹೋದವರು ಗುರುತೂ ಉಳಿಸದೆ ಅಳಿಸಿಹೋಗುತ್ತಿದ್ದರು. ಇದನ್ನು ತಿಳಿದಾಗ ನನಗೆ ನಮ್ಮ ಮನೆಯ ಪಾಲುಪತ್ರ ನೆನಪಾಯಿತು. ಅದರಲ್ಲೂ ಗೋಡೆಗಳ ಅಳತೆಯೆಲ್ಲ ಇದೆ. ಪೂರ್ವಕ್ಕೆ ಇಂಥವರ ಮನೆ, ಪಶ್ಚಿಮಕ್ಕೆ ಓಣಿ ಎಂದು ಚೆಕ್ಕುಬಂದಿ ಇದೆ. ಅಲ್ಲಿ ಓಡಾಡಿದ ನಾವು ಯಾರೂ ಇಲ್ಲ.

2024ರ ಮೇ ತಿಂಗಳು, ಬೇಸಿಗೆ ರಜೆ. ಹೊಳೆಯಲ್ಲಿ ನೀರು ತಗ್ಗಿ ಅಲ್ಲಲ್ಲಿ ಮರಳು ಎದ್ದಿತ್ತು. ಅದರ ಮೇಲೆ ಕೆಂಪು ಕಾಲಿನ, ಹಳದಿ ಕೊಕ್ಕಿನ ರೀವ ಹಕ್ಕಿಗಳು ಕುಳಿತಿದ್ದವು. ದೂರದಿಂದ ಇಪ್ಪತ್ತು ಮೂವತ್ತು ಚಿತ್ರ ತೆಗೆದೆ. ಮನೆಗೆ ಬಂದು ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿ ನೋಡುವಾಗ ಒಂದು ಚಿತ್ರದ ಮೂಲೆಯಲ್ಲಿ, ಹಕ್ಕಿಗಳ ಹಿಂದೆ, ಮೆಟ್ಟಿಲ ಮೇಲೊಬ್ಬ ಮುದುಕ ಕಂಡ. ಪಂಚೆ ಮೇಲೆ ಕಟ್ಟಿ, ಮೂರು ನಾಲ್ಕು ವರ್ಷದ ಒಂದು ಹುಡುಗಿಯ ಕೈ ಹಿಡಿದು ನೀರಿಗೆ ಇಳಿಸುತ್ತಿದ್ದ. ಮಗು ಹಕ್ಕಿಗಳ ಕಡೆ ಬೆರಳು ತೋರಿಸುತ್ತಿತ್ತು.

ಮುದುಕನೆಂದು ಬರೆದೆ. ಅವನು ನನ್ನ ಅಣ್ಣ. ತಲೆ ಪೂರ್ತಿ ಬೆಳ್ಳಗಾಗಿತ್ತು. ಅವನ ಮಗನ ಮದುವೆಯಾದದ್ದು ಬೇರೆಯವರಿಂದ ತಿಳಿದಿತ್ತು. ಮೊಮ್ಮಗಳು ಹುಟ್ಟಿದ್ದು ತಿಳಿದಿರಲಿಲ್ಲ. ನಾನು ಅಲ್ಲೇ, ಕೂಗಿದರೆ ಕೇಳುವಷ್ಟು ದೂರದಲ್ಲಿ ನಿಂತು, ಅವರನ್ನು ಬಿಟ್ಟು ಹಕ್ಕಿಯ ಮೇಲೆ ಫೋಕಸ್ ಮಾಡಿದ್ದೆ.

ಎರಡು ತಿಂಗಳು ಆ ಚಿತ್ರವನ್ನು ಯಾರಿಗೂ ತೋರಿಸಲಿಲ್ಲ. ಪಂಚಮಿ ಹತ್ತಿರ ಬಂದಾಗ ಸ್ಟುಡಿಯೋಕ್ಕೆ ಹೋಗಿ, ಅಣ್ಣ-ಮೊಮ್ಮಗಳಿರುವಷ್ಟು ಭಾಗ ಬೇರೆ ಮಾಡಿಸಿ ಪ್ರಿಂಟು ಹಾಕಿಸಿದೆ. ಸ್ವಲ್ಪ ಮಸುಕಾಗಿಯೇ ಬಂತು. "ಚಂದ ಬಂದಿಲ್ಲ ಮೇಡಂ, ಬೇರೆ ಯಾವುದಾದ್ರೂ ಕೊಡ್ರಿ" ಎಂದ ಹುಡುಗ. ಇದೇ ಬೇಕು ಎಂದೆ. ಏನು ಬರೆಯಬೇಕೆಂದು ತೋಚಲಿಲ್ಲ. ಹಿಂದೆ ದಿನಾಂಕ, "ತುಂಗಭದ್ರಾ ದಂಡೆ" ಎಂದಷ್ಟೇ ಬರೆದು, ಲಕೋಟೆಯಲ್ಲಿಟ್ಟು, ರಿಜಿಸ್ಟರ್ ಪೋಸ್ಟಿಗೆ ಎ.ಡಿ. ಕಾರ್ಡು ಲಗತ್ತಿಸಿ ಕಳಿಸಿದೆ. ವಿಳಾಸ ಬರೆಯುವಾಗ ಕೈ ಅಲುಗಿತು. ಮನೆಯ ನಂಬರು ಮಾತ್ರ ಮರೆತಿರಲಿಲ್ಲ.

ಆ ವರ್ಷದ ಪಂಚಮಿಗೂ ಯಾರೂ ಬರಲಿಲ್ಲ. ಹಬ್ಬ ಕಳೆದು ನಾಲ್ಕನೆಯ ದಿನ ಅಂಚೆಯವರು ಎ.ಡಿ. ಕಾರ್ಡು ತಂದುಕೊಟ್ಟರು. ಅದರ ಮೇಲೆ ಅಣ್ಣನ ಸಹಿ ಇತ್ತು. ಕೊನೆಯಲ್ಲಿ ಎರಡು ಚುಕ್ಕೆ ಇಡುವ ಸಹಿ. ಅಪ್ಪ ನಮ್ಮಿಬ್ಬರಿಗೂ ಕಲಿಸಿದ್ದು ಹಾಗೆ. ನನ್ನ ಸಹಿಯ ಕೆಳಗೂ ಎರಡು ಚುಕ್ಕೆ ಇರುತ್ತವೆ.

ಹನ್ನೆರಡು ವರ್ಷದ ಹಿಂದೆ ಅವನು ನನ್ನ ಸಹಿ ಕೇಳಿದ್ದ, ನಾನು ಕೊಡಲಿಲ್ಲ. ಅವನು ಕೊಟ್ಟಿದ್ದಾನೆ. ಆ ಕಾರ್ಡನ್ನು ಹೊಸದೊಂದು ಆಲ್ಬಮ್ ತಂದು ಮೊದಲ ಪುಟಕ್ಕೆ ಅಂಟಿಸಿದ್ದೇನೆ. ಬರುವ ಭಾನುವಾರ ಮತ್ತೆ ಹರಿಹರದ ಬಸ್ಸು ಹತ್ತಬೇಕು. ಈ ಸಲ ಚೀಲದಲ್ಲಿ ಕ್ಯಾಮೆರಾದ ಜೊತೆಗೆ ನಾಲ್ಕು ಶೇಂಗಾ ಉಂಡಿಯನ್ನೂ ಇಟ್ಟುಕೊಳ್ಳಬೇಕೆಂದಿದ್ದೇನೆ. ಓಣಿಯ ಕಡೆ ತಿರುಗುತ್ತೇನೋ ಇಲ್ಲವೋ, ಅದು ಬಸ್ಸು ಇಳಿದ ಮೇಲಿನ ಮಾತು.