ರಾಗಿಯಿಂದ ಬೆಣ್ಣೆಗೆ: ದಾವಣಗೆರೆ ದೋಸೆಯ ಕಥೆ

ಇಟಲಿಯ ನೇಪಲ್ಸಿಗೆ ಪಿಜ್ಜಾ ಹೇಗೋ, ದಾವಣಗೆರೆಗೆ ಬೆಣ್ಣೆದೋಸೆ ಹಾಗೆ. ಎರಡೂ ದುಡಿಯುವ ಜನರ ಅಗ್ಗದ ತಿಂಡಿಗಳಾಗಿ ಬೆಳೆದವು. ಎರಡಕ್ಕೂ ಹುದುಗಿದ ಹಿಟ್ಟೇ ಆಧಾರ.

ಬೆಳಗಾವಿ ಸೀಮೆಯ ಬೇಡಕಿಹಾಳದಿಂದ ಮಕ್ಕಳೊಂದಿಗೆ ಬಂದ ಚೆನ್ನಮ್ಮ 1928ರಲ್ಲಿ ಇಲ್ಲಿನ ಸಾವಳಗಿ ನಾಟಕ ಥಿಯೇಟರಿನ ಬಳಿ ದೋಸೆ ಹಾಕತೊಡಗಿದರೆಂದು ಊರಿನವರು ಹೇಳುತ್ತಾರೆ. ಮೊದಲಿನದು ರಾಗಿ ದೋಸೆ. ಮುಂದೆ ಅವರ ಮಕ್ಕಳು ಅಕ್ಕಿ, ಉದ್ದು, ಮಂಡಕ್ಕಿ ರುಬ್ಬಿ, ಕಾವಲಿಯ ಮೇಲೆ ಧಾರಾಳವಾಗಿ ಬೆಣ್ಣೆ ಹಾಕಿದರು.

ಹತ್ತಿ ಗಿರಣಿಗಳಿಂದಾಗಿ 'ಕರ್ನಾಟಕದ ಮ್ಯಾಂಚೆಸ್ಟರ್' ಎನಿಸಿದ ಊರಿದು. ಪಕ್ಕದ ಹರಿಹರದಲ್ಲಿ 1941ರಲ್ಲಿ ಮೈಸೂರು ಕಿರ್ಲೋಸ್ಕರ್ ಸ್ಥಾಪನೆಯಾಯಿತು. ದಿನವಿಡೀ ನಿಂತು ದುಡಿಯುವ ಕಾರ್ಮಿಕರಿಗೆ ಬೆಣ್ಣೆ ಹೆಚ್ಚೆನಿಸಲಿಲ್ಲ. ಈಗ ಹಳೆಯ ಗಿರಣಿಗಳು ಬಹುಪಾಲು ಮುಚ್ಚಿವೆ, ಕಿರ್ಲೋಸ್ಕರ್ ಕಾರ್ಖಾನೆಯೂ ಇಲ್ಲ. ಬೆಣ್ಣೆ ಮಾತ್ರ ಉಳಿದಿದೆ. ತಿನ್ನುವವರಲ್ಲಿ ಅನೇಕರು ಕುಳಿತು ಕೆಲಸ ಮಾಡುವವರು.

ಹಾಗೆಂದು ದೋಸೆಯನ್ನು ಬಿಡಬೇಕಾಗಿಲ್ಲ. ಹುದುಗಿದ ಹಿಟ್ಟು ಸುಲಭವಾಗಿ ಜೀರ್ಣವಾಗುತ್ತದೆ. ಅಳತೆ ಬೇಕಾದದ್ದು ಬೆಣ್ಣೆಗೆ: ಅದರ 14 ಗ್ರಾಂನಲ್ಲಿ ಸುಮಾರು 100 ಕ್ಯಾಲೊರಿಗಳಿವೆ. ಬೆಣ್ಣೆಯನ್ನು ಮಿತವಾಗಿ ಬಳಸಿ, ಚೆನ್ನಮ್ಮನ ರಾಗಿಯನ್ನೂ ಆಗಾಗ ಕಾವಲಿಗೆ ತಂದರೆ ನಾಲಿಗೆಗೂ ಸುಖ, ಮೈಗೂ ಹಿತ.