ಕೊಂಡವನ ಫೋನು, ಮಾರಿದವನ ಬೀಗ

2013ರ ಜನವರಿ 26. ಭಾರತದಲ್ಲಿ ಗಣರಾಜ್ಯೋತ್ಸವದ ಸಂಭ್ರಮ. ಅದೇ ದಿನ ಅಮೆರಿಕದಲ್ಲಿ, ಹಿಂದಿನ ದಿನದವರೆಗೆ ತಪ್ಪೆನಿಸದಿದ್ದ ಕೆಲಸವೊಂದು ಕಾನೂನುಬಾಹಿರವಾಯಿತು. ಹೊಸದಾಗಿ ಕೊಂಡ ಮೊಬೈಲ್ ಫೋನಿನ ಬೀಗವನ್ನು ಸೇವಾ ಕಂಪೆನಿಯ ಅಪ್ಪಣೆಯಿಲ್ಲದೆ ತೆಗೆದು, ಬೇರೊಂದು ಕಂಪೆನಿಯ ಸಿಮ್ ಹಾಕಿಕೊಳ್ಳುವುದೇ ಆ ಕೆಲಸ. ಇದನ್ನೇ ಕಸುಬು ಮಾಡಿಕೊಂಡು ಹಣ ಸಂಪಾದಿಸಿದವರಿಗೆ ಮೊದಲ ತಪ್ಪಿಗೇ 5 ಲಕ್ಷ ಡಾಲರ್‌ವರೆಗೆ ದಂಡ, 5 ವರ್ಷದವರೆಗೆ ಸೆರೆವಾಸ ವಿಧಿಸಲು ಕಾಯ್ದೆಯಲ್ಲಿ ಅವಕಾಶವಿತ್ತು.

ಕಾಸು ಕೊಟ್ಟು ಕೊಂಡ ವಸ್ತುವಿನ ಮೇಲೆ ಕೊಂಡವನಿಗೆ ಎಷ್ಟು ಅಧಿಕಾರ, ಮಾರಿದವನಿಗೆ ಎಷ್ಟು? ಈ ಜಗಳ ಮೊಬೈಲಿನೊಂದಿಗೆ ಹುಟ್ಟಿದ್ದಲ್ಲ. ಅದರ ಬೇರು ತಂತಿಯ ದೂರವಾಣಿಯ ಕಾಲದಲ್ಲಿದೆ.

20ನೆಯ ಶತಮಾನದ ಬಹುಭಾಗ ಅಮೆರಿಕದಲ್ಲಿ ದೂರವಾಣಿಯೆಂದರೆ ಹೆಚ್ಚುಕಡಿಮೆ ಎಟಿ ಅಂಡ್ ಟಿ ಎಂಬ ಒಂದೇ ಕಂಪೆನಿ. ತಂತಿ, ವಿನಿಮಯ ಕೇಂದ್ರ ಮಾತ್ರವಲ್ಲ, ಗ್ರಾಹಕನ ಮನೆಯ ಮೇಜಿನ ಮೇಲೆ ಕುಳಿತ ಫೋನೂ ಅದರದೇ. ಗ್ರಾಹಕ ಬರೀ ಬಾಡಿಗೆದಾರ. ಕಂಪೆನಿ ಕೊಡದ ಯಾವ ಸಾಧನವನ್ನೂ ಆ ಫೋನಿಗೆ ಜೋಡಿಸಕೂಡದು ಎಂಬುದು ನಿಯಮ. ಆಗ ಹಷ್-ಎ-ಫೋನ್ ಎಂಬ ಬಟ್ಟಲಿನಂಥ ವಸ್ತುವೊಂದು ಮಾರಾಟದಲ್ಲಿತ್ತು. ಮಾತನಾಡುವ ಕಡೆಗೆ ಅದನ್ನು ಸಿಕ್ಕಿಸಿಕೊಂಡರೆ ಪಕ್ಕದಲ್ಲಿ ಕುಳಿತವರಿಗೆ ಮಾತು ಕೇಳಿಸುತ್ತಿರಲಿಲ್ಲ. ಅದರಲ್ಲಿ ವಿದ್ಯುತ್ತಿಲ್ಲ, ತಂತಿಯಿಲ್ಲ. ಬಾಯಿಗೆ ಅಂಗೈ ಅಡ್ಡ ಹಿಡಿದಂತೆ, ಅಷ್ಟೆ. ಅದೂ ಕಂಪೆನಿಗೆ ಸಹಿಸಲಿಲ್ಲ. 1955ರಲ್ಲಿ ಕೇಂದ್ರ ಸಂಪರ್ಕ ಆಯೋಗ ಕಂಪೆನಿಯ ಪರವಾಗಿಯೇ ತೀರ್ಪು ಕೊಟ್ಟಿತು. ಮರುವರ್ಷ ವಾಷಿಂಗ್ಟನ್ನಿನ ಮೇಲ್ಮನವಿ ನ್ಯಾಯಾಲಯ ಅದನ್ನು ತಳ್ಳಿಹಾಕಿತು. ಸಾರ್ವಜನಿಕರಿಗೆ ತೊಂದರೆಯಾಗದಿದ್ದರೆ, ಫೋನನ್ನು ತನಗೆ ಅನುಕೂಲವಾದ ರೀತಿಯಲ್ಲಿ ಬಳಸುವ ಹಕ್ಕು ಗ್ರಾಹಕನಿಗುಂಟು ಎಂಬುದು ಆ ತೀರ್ಪಿನ ತಿರುಳು.

ಈ ತತ್ವಕ್ಕೆ ಕೈಕಾಲು ಬಂದದ್ದು 1968ರಲ್ಲಿ. ಟೆಕ್ಸಾಸ್‌ನ ಥಾಮಸ್ ಕಾರ್ಟರ್ ಎಂಬಾತ, ದೂರದ ಬಯಲಿನಲ್ಲಿ ರೇಡಿಯೊ ಹಿಡಿದು ಕೆಲಸ ಮಾಡುವವರು ದೂರವಾಣಿಯ ಮೂಲಕವೂ ಮಾತಾಡಲು ಅನುವಾಗುವ ಕಾರ್ಟರ್‌ಫೋನ್ ಎಂಬ ಸಾಧನ ಮಾಡಿದ್ದ. 1959ರಿಂದ 1966ರವರೆಗೆ ಅಂಥ ಸುಮಾರು 3,500 ಸಾಧನಗಳು ಮಾರಾಟವಾಗಿದ್ದವು. ಎಟಿ ಅಂಡ್ ಟಿ ಅಡ್ಡಬಂದಿತು. ಈ ಸಲ ಆಯೋಗವೇ ಕಾರ್ಟರ್‌ನ ಪರ ನಿಂತು, ಜಾಲಕ್ಕೆ ಹಾನಿ ಮಾಡದ ಯಾವ ಸಾಧನವನ್ನಾದರೂ ಜೋಡಿಸಬಹುದೆಂದಿತು. ಉತ್ತರ ದಾಖಲಿಸುವ ಯಂತ್ರ, ಫ್ಯಾಕ್ಸ್, ಮೋಡೆಮ್ ಮುಂತಾದವನ್ನು ಯಾರು ಬೇಕಾದರೂ ಮಾಡಿ ಮಾರುವಂತಾದದ್ದು ಈ ತೀರ್ಪಿನ ನಂತರವೇ. ಆದರೆ ತಂತಿಯ ಫೋನಿಗೆ ದಕ್ಕಿದ ಈ ಸ್ವಾತಂತ್ರ್ಯ ಮೊಬೈಲಿಗೆ ತಾನಾಗಿ ಬರಲಿಲ್ಲ.

ವಿಚಿತ್ರವೆಂದರೆ ಮೊಬೈಲ್ ವ್ಯವಸ್ಥೆಯನ್ನು ರೂಪಿಸಿದ ಯೂರೋಪಿನ ತಂತ್ರಜ್ಞರ ಮನಸ್ಸಿನಲ್ಲಿ ಸ್ವಾತಂತ್ರ್ಯವೇ ಇತ್ತು. 1991ರಲ್ಲಿ ಫಿನ್ಲೆಂಡಿನಲ್ಲಿ ಮೊದಲು ಸೇವೆಗೆ ಬಂದ ಜಿಎಸ್‌ಎಂ ಪದ್ಧತಿಯಲ್ಲಿ ಗ್ರಾಹಕನ ಗುರುತು ಫೋನಿನಲ್ಲಿರದೆ ಸಿಮ್ ಎಂಬ ಪುಟ್ಟ ಚೀಟಿಯಲ್ಲಿರುತ್ತದೆ. ಚೀಟಿಯನ್ನು ಕಿತ್ತು ಇನ್ನೊಂದು ಫೋನಿಗೆ ಹಾಕಿದರೆ ಆ ಫೋನೇ ನಮ್ಮದು. ನಮ್ಮ ಫೋನಿಗೆ ಬೇರೆ ಚೀಟಿ ಹಾಕಿದರೆ ಬೇರೆ ಕಂಪೆನಿಯ ಸೇವೆ. ಆದರೆ ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ! ಸೇವಾ ಕಂಪೆನಿಗಳು ಬಿಡಿಸಿಟ್ಟಿದ್ದ ಗಂಟನ್ನು ಮತ್ತೆ ಬಿಗಿದವು.

ಅಮೆರಿಕದಲ್ಲಿರುವ ಮಗನೋ ಅಳಿಯನೋ ತಂದುಕೊಟ್ಟ ಫೋನಿಗೆ ಇಲ್ಲಿನ ಸಿಮ್ ಹಾಕಿ, ಅದು ಮೂಕವಾಗಿ ಕುಳಿತದ್ದನ್ನು ಕಂಡು, ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಕಡೆ ರಿಪೇರಿ ಅಂಗಡಿ ಹುಡುಕಿದವರಿಗೆ ಈ ಗಂಟಿನ ಪರಿಚಯವಿರುತ್ತದೆ. ಬೀಗ ಇರುವುದು ಯಂತ್ರದಲ್ಲಲ್ಲ, ತಂತ್ರಾಂಶದಲ್ಲಿ. ಪ್ರತಿ ಸಿಮ್‌ನಲ್ಲೂ ಒಂದು ಉದ್ದನೆಯ ಸಂಖ್ಯೆಯಿದೆ. ಅದರ ಮೊದಲ 3 ಅಂಕಿಗಳು ದೇಶವನ್ನು ಹೇಳುತ್ತವೆ (ಭಾರತಕ್ಕೆ 404 ಮತ್ತು 405), ನಂತರದ 2 ಅಥವಾ 3 ಅಂಕಿಗಳು ಕಂಪೆನಿಯನ್ನು. ಫೋನು ಚಾಲೂ ಆದೊಡನೆ ಇವನ್ನು ಓದಿ ತನ್ನೊಳಗೆ ಬರೆದಿಟ್ಟಿರುವ ಅಂಕಿಗಳೊಂದಿಗೆ ತಾಳೆ ನೋಡುತ್ತದೆ. ತಾಳೆಯಾಗದಿದ್ದರೆ ಸಂಕೇತ ಸಂಖ್ಯೆ ಕೇಳುತ್ತದೆ. ಸರಿಯಾದ ಸಂಖ್ಯೆ ಒತ್ತಿದರೆ ಬೀಗ ಶಾಶ್ವತವಾಗಿ ತೆರೆಯುತ್ತದೆ. ಕೆಲವು ಸಲ ತಪ್ಪಿದರೆ ಆ ದಾರಿಯೇ ಮುಚ್ಚಿಹೋಗುತ್ತದೆ. ಹಳೆಯ ನೋಕಿಯಾ ಫೋನುಗಳಲ್ಲಿ ಈ ಸಂಕೇತವನ್ನು ಫೋನಿನ 15 ಅಂಕಿಗಳ ಐಎಂಇಐ ಸಂಖ್ಯೆಯಿಂದಲೇ ಲೆಕ್ಕ ಹಾಕಿ ತೆಗೆಯಬಹುದಿತ್ತು. ಆ ಲೆಕ್ಕದ ಗುಟ್ಟು ಹೊರಬಿದ್ದ ಮೇಲೆ ಬೀಗ ತೆಗೆಯುವುದು ಊರೂರಿನ ಅಂಗಡಿಗಳ ಕೆಲಸವಾಯಿತು.

ಕಂಪೆನಿಗಳ ವಾದದಲ್ಲಿ ಹುರುಳಿಲ್ಲವೆನ್ನುವಂತಿಲ್ಲ. ಅಮೆರಿಕದಲ್ಲಿ ದುಬಾರಿ ಫೋನನ್ನು ಅಗ್ಗಕ್ಕೆ ಕೊಟ್ಟು, ಕಳೆದುಕೊಂಡ ಹಣವನ್ನು ಎರಡು ವರ್ಷದ ಮಾಸಿಕ ಬಿಲ್ಲಿನಲ್ಲಿ ಹಿಂಪಡೆಯುವುದು ರೂಢಿಯಾಗಿತ್ತು. ಅಗ್ಗದ ಫೋನು ತೆಗೆದುಕೊಂಡು ಮರುದಿನವೇ ಇನ್ನೊಬ್ಬರ ಬಳಿ ಹೋದರೆ ಗತಿಯೇನು? ನಿಜ. ಆದರೆ ನಡುವೆ ಬಿಟ್ಟುಹೋಗುವವರಿಗೆ ಕರಾರಿನಲ್ಲಿ ದಂಡವಿದ್ದೇ ಇತ್ತು. ಕರಾರು ಮುಗಿದ ಮೇಲೂ ಬೀಗ ತಾನಾಗಿ ತೆರೆದುಕೊಳ್ಳುತ್ತಿರಲಿಲ್ಲ. ಹಸು ಮಾರಿ, ಪೂರ್ತಿ ಹಣ ಎಣಿಸಿಕೊಂಡು, ಹಗ್ಗದ ತುದಿಯನ್ನು ಮಾತ್ರ ಕೈಯಲ್ಲೇ ಹಿಡಿದುಕೊಂಡಂತೆ.

2007ರ ಜೂನ್‌ನಲ್ಲಿ ಅಮೆರಿಕದಲ್ಲಿ ಐಫೋನ್ ಬಂದಾಗ ಅದು ಒಂದೇ ಸೇವಾ ಕಂಪೆನಿಗೆ ಮೀಸಲಾಗಿತ್ತು. ಆ ಕಂಪೆನಿ ಮತ್ತೆ ಎಟಿ ಅಂಡ್ ಟಿ! 1984ರಲ್ಲಿ ಒಡೆದ ಹಳೆಯ ಸಂಸ್ಥೆಯ ಮರಿಯೊಂದು ತಾಯಿಯನ್ನೇ ಕೊಂಡು ಆ ಹೆಸರನ್ನು ಇಟ್ಟುಕೊಂಡಿತ್ತು. ಎರಡೇ ತಿಂಗಳಲ್ಲಿ ನ್ಯೂಜೆರ್ಸಿಯ 17 ವರ್ಷದ ಹುಡುಗ ಜಾರ್ಜ್ ಹಾಟ್ಜ್, ಫೋನನ್ನು ಬಿಚ್ಚಿ ಬೆಸುಗೆ ಹಾಕಿ ಆ ಬೀಗವನ್ನು ಮುರಿದ. ಹಾಗೆ ಬಿಡಿಸಿದ ಒಂದು ಫೋನಿಗೆ ಪ್ರತಿಯಾಗಿ ಅವನಿಗೆ ಕಾರೇ ಸಿಕ್ಕಿತು.

ಇಷ್ಟಾಗಿಯೂ ಇದು ಅಪರಾಧವಾದದ್ದು ಹೇಗೆ? 1998ರಲ್ಲಿ ಅಮೆರಿಕ ಹೊಸದೊಂದು ಕೃತಿಸ್ವಾಮ್ಯ ಕಾಯ್ದೆ ತಂದಿತ್ತು. ಚಲನಚಿತ್ರ, ಸಂಗೀತಗಳ ಕಳ್ಳಪ್ರತಿ ತಡೆಯುವ ಡಿಜಿಟಲ್ ಬೀಗಗಳನ್ನು ಮುರಿಯಬಾರದೆಂಬುದು ಅದರ ಒಂದು ವಿಧಿ. ಫೋನಿನ ತಂತ್ರಾಂಶವೂ ಕೃತಿಯೇ, ಆದ್ದರಿಂದ ಅದರ ಬೀಗವೂ ಇದೇ ವಿಧಿಯಡಿ ಬರುತ್ತದೆ ಎಂಬ ವಾದ ಹುಟ್ಟಿತು. ಕಾಯ್ದೆಗೆ ಮೂರು ವರ್ಷಕ್ಕೊಮ್ಮೆ ವಿನಾಯಿತಿ ಕೊಡುವ ಅಧಿಕಾರ ಕಾಂಗ್ರೆಸ್ ಗ್ರಂಥಾಲಯದ ಮುಖ್ಯಸ್ಥರದು. ಹೀಗೆ ಫೋನಿನ ಹಣೆಬರಹ ಗ್ರಂಥಪಾಲಕರ ಕೈಸೇರಿತು. 2006ರಲ್ಲಿ, 2010ರಲ್ಲಿ ಅವರು ವಿನಾಯಿತಿ ಕೊಟ್ಟರು. 2012ರ ಅಕ್ಟೋಬರ್‌ನಲ್ಲಿ, ಹೊಸ ಫೋನುಗಳಿಗೆ 90 ದಿನದ ಗಡುವಿಟ್ಟು ಅದನ್ನು ನಿಲ್ಲಿಸಿದರು. ಬೀಗವಿಲ್ಲದ ಫೋನುಗಳು ಮಾರುಕಟ್ಟೆಯಲ್ಲಿ ಸಿಗುತ್ತಿವೆ ಎಂಬುದು ಒಂದು ಕಾರಣ. ಇನ್ನೊಂದು ಹೆಚ್ಚು ಗಂಭೀರ: ಫೋನು ಕೊಂಡವನು ಅದರೊಳಗಿನ ತಂತ್ರಾಂಶದ ಒಡೆಯನೇ ಅಥವಾ ಬಳಸಲು ಪರವಾನಗಿ ಪಡೆದವನು ಮಾತ್ರವೇ ಎಂಬ ಪ್ರಶ್ನೆಯನ್ನು ಆ ನಡುವಿನ ನ್ಯಾಯಾಲಯದ ತೀರ್ಪು ಕೆದಕಿತ್ತು. ಬಾಡಿಗೆದಾರ ಇನ್ನೊಂದು ವೇಷದಲ್ಲಿ ಮರಳಿ ಬಂದಿದ್ದ.

ಗಡುವು ಮುಗಿಯುವ ಹೊತ್ತಿಗೆ ಜನ ಎಚ್ಚೆತ್ತರು. ಸೀನಾ ಖನಿಫರ್ ಎಂಬ ಯುವಕ ಅಧ್ಯಕ್ಷರ ಭವನಕ್ಕೆ ಮನವಿಯೊಂದನ್ನು ಹೊರಡಿಸಿದ. ವಿದ್ಯಾರ್ಥಿಯಾಗಿದ್ದಾಗ ಫೋನಿನ ಬೀಗ ತೆಗೆಯುವ ಸಣ್ಣ ವ್ಯಾಪಾರ ನಡೆಸಿ, ಮೊಟೊರೊಲಾ ಕಂಪೆನಿಯ ವಕೀಲರ ಎಚ್ಚರಿಕೆ ಪತ್ರವನ್ನೂ ಪಡೆದಿದ್ದವನು ಈತ. ಉತ್ತರ ಪಡೆಯಲು ಒಂದು ಲಕ್ಷ ಸಹಿ ಬೇಕಿತ್ತು; 1,14,000ಕ್ಕೂ ಹೆಚ್ಚು ಬಂದವು. ಮಾರ್ಚ್ ಮೊದಲ ವಾರದಲ್ಲೇ ಸರ್ಕಾರ ಮನವಿಯನ್ನು ಒಪ್ಪಿತು. ಎರಡೂ ಪಕ್ಷಗಳು ಒಂದಾಗಿ ಅಂಗೀಕರಿಸಿದ ಮಸೂದೆಗೆ 2014ರ ಆಗಸ್ಟ್ 1ರಂದು ಅಧ್ಯಕ್ಷ ಒಬಾಮ ಸಹಿ ಹಾಕಿದರು. ಅದು ಬೀಗ ತೆಗೆಯಲು ಅನುಮತಿಸಿತೇ ಹೊರತು, ಬೀಗ ಹಾಕುವುದನ್ನು ನಿಷೇಧಿಸಲಿಲ್ಲ.

ಕೆನಡ ಇನ್ನೂ ಮುಂದೆ ಹೋಯಿತು. ಅಲ್ಲಿನ ಕಂಪೆನಿಗಳು ಬೀಗ ತೆಗೆಯಲೆಂದೇ ಶುಲ್ಕ ವಸೂಲು ಮಾಡುತ್ತಿದ್ದವು. 2016ರಲ್ಲಿ ಅವು ಹೀಗೆ ಗಳಿಸಿದ್ದು 3.77 ಕೋಟಿ ಡಾಲರ್. 2017ರ ಡಿಸೆಂಬರ್ 1ರಿಂದ ಶುಲ್ಕವೂ ಇಲ್ಲ, ಹೊಸ ಫೋನಿಗೆ ಬೀಗವೂ ಇಲ್ಲ ಎಂದು ಅಲ್ಲಿನ ಆಯೋಗ ಆಜ್ಞಾಪಿಸಿತು. ಬ್ರಿಟನ್ 2021ರ ಡಿಸೆಂಬರ್‌ನಲ್ಲಿ ಅದೇ ದಾರಿ ಹಿಡಿಯಿತು.

ಭಾರತದಲ್ಲಿ ಹೆಚ್ಚಿನವರು ಫೋನನ್ನು ಪೂರ್ತಿ ಬೆಲೆ ಕೊಟ್ಟು ಒಂದು ಕಡೆ, ಸಿಮ್ಮನ್ನು ಇನ್ನೊಂದು ಕಡೆ ಕೊಳ್ಳುತ್ತಿದ್ದುದರಿಂದ ಈ ಕಾಟ ಅಷ್ಟಾಗಿ ತಟ್ಟಲಿಲ್ಲ. ದೊಡ್ಡ ಅಪವಾದವೆಂದರೆ 2003ರ ಮಳೆಗಾಲದಲ್ಲಿ 501 ರೂಪಾಯಿ ಮುಂಗಡಕ್ಕೆ ರಿಲಯನ್ಸ್ ಕೊಟ್ಟ ಸಿಡಿಎಂಎ ಫೋನುಗಳು. ಅಲ್ಲಿಯವರೆಗೆ ಮೊಬೈಲನ್ನು ದೂರದಿಂದ ನೋಡಿದ್ದವರ ಕೈಗೂ ಫೋನು ಬಂದದ್ದು ಅವುಗಳಿಂದಲೇ. ಆದರೆ ಅವಕ್ಕೆ ಸಿಮ್ಮೇ ಇರಲಿಲ್ಲ. ಗ್ರಾಹಕನ ಗುರುತನ್ನು ಫೋನಿನೊಳಗೇ ತುಂಬಿಸಿರುತ್ತಿದ್ದರು. ತೆಗೆಯಲು ಬೀಗವೂ ಇಲ್ಲ, ಬಾಗಿಲೂ ಇಲ್ಲ. ಆ ಸೇವೆ ನಿಂತಮೇಲೆ, ಕೆಟ್ಟುಹೋಗದಿದ್ದ ಫೋನುಗಳೂ ಮನೆಯ ಮಕ್ಕಳ ಆಟಿಕೆಗಳಾದವು.