ಕೊಬ್ಬು ಬೇರೆ, ಕೊಲೆಸ್ಟರಾಲ್ ಬೇರೆ

ಕಲಬುರಗಿಯ ಜೇವರ್ಗಿ ಕಾಲೋನಿ. ರಕ್ತಪರೀಕ್ಷಾ ಕೇಂದ್ರವೊಂದರ ಮುಂದೆ ಬೆಳಿಗ್ಗೆ ಬರಿಹೊಟ್ಟೆಯಲ್ಲಿ ಬಂದವರ ಸಾಲು. ಕಮಲಾಪುರದ ಕಡೆಯಿಂದ ಬಂದಿದ್ದ ಹಿರಿಯರೊಬ್ಬರ ಕೈಯಲ್ಲಿ ಹಿಂದಿನ ಸಲದ ವರದಿ ಇತ್ತು. ಕೊಲೆಸ್ಟರಾಲ್ ಹೆಚ್ಚಾಗಿದೆ ಎಂದರೆ ಕೊಬ್ಬು ಹೆಚ್ಚಾಗಿದೆ ಎಂದರ್ಥ ಎಂದು ಮಗ ವಿವರಿಸಿದ. ಅವರಿಗೆ ಸಿಟ್ಟು ಬಂತು. "ನನ್ನ ಮೈಯಾಗ ಎಲುಬು ಬಿಟ್ರ ಏನದ? ಕೊಬ್ಬು ಎಲ್ಲಿಂದ ಬಂತಪ್ಪಾ?"

ಅವರ ಸಿಟ್ಟಿಗೆ ಕಾರಣವಿದೆ. ಕನ್ನಡದಲ್ಲಿ ಕೊಬ್ಬು ಎಂಬುದು ಬರಿಯ ಪದಾರ್ಥದ ಹೆಸರಲ್ಲ, ಬೈಗುಳವೂ ಹೌದು. ಹಳಗನ್ನಡದ 'ಕೊರ್ವು' ಎಂಬ ರೂಪ 'ಕೊರ್ಬು' ಆಗಿ, ಮುಂದೆ 'ಕೊಬ್ಬು' ಆಯಿತು. ಸೊಂಪಾಗಿ ಬೆಳೆಯುವುದು, ಪುಷ್ಟಿಯಾಗುವುದು ಎಂಬ ಒಳ್ಳೆಯ ಅರ್ಥ ಅದಕ್ಕಿತ್ತು. ಸಮೃದ್ಧ ಪೈರನ್ನು 'ಕೊಬ್ಬಿ ಬೆಳೆದಿದೆ' ಎನ್ನುವವರು ಈಗಲೂ ಇದ್ದಾರೆ. ಪುಷ್ಟಿಯ ಜೊತೆಗೇ ಸೊಕ್ಕಿನ ಅರ್ಥವೂ ಸೇರಿಕೊಂಡಿತು. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟ್ಟೆಲ್ ನಿಘಂಟಿನಲ್ಲಿ ಎರಡೂ ಅರ್ಥಗಳು ದಾಖಲಾಗಿವೆ. ಕಲಬುರಗಿಯ ಬೀದಿಯಲ್ಲಿ ಕೇಳಿಬರುವ ಇತರ ಭಾಷೆಗಳೂ ಇದೇ ದಾರಿ ಹಿಡಿದಿವೆ. ತೆಲುಗಿನ 'ಕೊವ್ವು', ಉರ್ದು ಮತ್ತು ಮರಾಠಿಯ 'ಚರ್ಬಿ' ಎರಡೂ ಮೈಯ ಕೊಬ್ಬನ್ನೂ ಮನಸ್ಸಿನ ಸೊಕ್ಕನ್ನೂ ಸೂಚಿಸುತ್ತವೆ. ಹೀಗಿರುವಾಗ ಬಡಕಲು ಮೈಯ ರೈತನಿಗೆ 'ನಿನಗೆ ಕೊಬ್ಬು ಹೆಚ್ಚಾಗಿದೆ' ಎಂದರೆ ಆತ ನಂಬುವುದಾದರೂ ಹೇಗೆ?

ಸಾಬೂನಾಗದ ವಸ್ತು

ಕೊಲೆಸ್ಟರಾಲ್ ಮೊದಲು ಕಂಡದ್ದು ಹೃದಯದಲ್ಲಲ್ಲ, ಪಿತ್ತಕೋಶದ ಕಲ್ಲಿನಲ್ಲಿ. 1769ರ ಸುಮಾರಿಗೆ ಫ್ರಾನ್ಸಿನ ಪೂಲ್ತಿಯೆ ದ ಲಾ ಸಾಲ್ ಈ ಬಿಳಿಯ ಹರಳಿನಂಥ ವಸ್ತುವನ್ನು ಗುರುತಿಸಿದ. 1815–16ರ ಹೊತ್ತಿಗೆ ಅದೇ ದೇಶದ ರಸಾಯನ ವಿಜ್ಞಾನಿ ಷೆವ್ರೊಲ್ ಅದನ್ನು ಪರೀಕ್ಷಿಸಿದ. ಕೊಬ್ಬನ್ನು ಕ್ಷಾರದೊಂದಿಗೆ ಕುದಿಸಿದರೆ ಸಾಬೂನಾಗುತ್ತದೆ. ಈ ವಸ್ತು ಆಗಲಿಲ್ಲ. ಇದು ಕೊಬ್ಬಲ್ಲ, ಬೇರೆಯೇ ಎಂದು ಮನಗಂಡ ಆತ ಗ್ರೀಕಿನ 'ಕೊಲೆ' (ಪಿತ್ತ) ಮತ್ತು 'ಸ್ಟೀರಿಯೋಸ್' (ಗಟ್ಟಿ) ಎಂಬ ಪದಗಳನ್ನು ಜೋಡಿಸಿ 'ಕೊಲೆಸ್ಟರೀನ್' ಎಂದು ಹೆಸರಿಟ್ಟ. ಅದು ಆಲ್ಕೊಹಾಲ್ ವರ್ಗಕ್ಕೆ ಸೇರಿದ್ದೆಂದು 1859ರಲ್ಲಿ ಬರ್ತಲೋ ತೋರಿಸಿದ ಮೇಲೆ ಹೆಸರಿನ ಕೊನೆಗೆ 'ಆಲ್' ಸೇರಿತು. ಅಂದರೆ ಹೆಸರು ಹುಟ್ಟಿದ್ದೇ ಇದು ಕೊಬ್ಬಲ್ಲ ಎಂದು ತಿಳಿದ ಮೇಲೆ.

ಹಾಗಾದರೆ ರಕ್ತದ ವರದಿಯಲ್ಲಿ ನಿಜವಾದ ಕೊಬ್ಬು ಯಾವುದು? 'ಟ್ರೈಗ್ಲಿಸರೈಡ್' ಎಂಬ ಸಾಲು. ತುಪ್ಪ, ಎಣ್ಣೆ, ಸೊಂಟದ ಸುತ್ತ ಕೂಡಿದ ಬೊಜ್ಜು ಎಲ್ಲವೂ ಬಹುಮಟ್ಟಿಗೆ ಅದೇ. ಕೊಲೆಸ್ಟರಾಲ್‌ನ ಬಹುಪಾಲನ್ನು ದೇಹವೇ ತಯಾರಿಸಿಕೊಳ್ಳುತ್ತದೆ. ಜೀವಕೋಶದ ಪೊರೆಗೆ, ಹಾರ್ಮೋನುಗಳಿಗೆ, 'ಡಿ' ಜೀವಸತ್ವಕ್ಕೆ, ಪಿತ್ತರಸಕ್ಕೆ ಅದು ಬೇಕೇ ಬೇಕು.

'ಒಳ್ಳೆಯ' ಮತ್ತು 'ಕೆಟ್ಟ' ಕೊಲೆಸ್ಟರಾಲ್ ಎಂಬ ಮಾತೂ ಪೂರ್ತಿ ಸರಿಯಲ್ಲ. ಕೊಲೆಸ್ಟರಾಲ್ ನೀರಿನಲ್ಲಿ ಕರಗದು. ರಕ್ತದಲ್ಲಿ ಸಾಗಲು ಅದಕ್ಕೆ ಪ್ರೋಟೀನಿನ ಗಾಡಿ ಬೇಕು. ಯಕೃತ್ತಿನಿಂದ ಬಂದ ಸರಕನ್ನು ಮೈಗೆಲ್ಲ ಒಯ್ಯುವ ಗಾಡಿ ಎಲ್‌ಡಿಎಲ್. ಉಳಿದದ್ದನ್ನು ಯಕೃತ್ತಿಗೆ ಮರಳಿಸುವ ಗಾಡಿ ಎಚ್‌ಡಿಎಲ್. ಸರಕು ಒಂದೇ, ಗಾಡಿ ಬೇರೆ. ಮೊದಲನೆಯದು ವಿಪರೀತವಾದರೆ ರಕ್ತನಾಳದ ಗೋಡೆಯಲ್ಲಿ ಸರಕು ಬೀಡುಬಿಡುತ್ತದೆ. ಹೃದಯಾಘಾತಕ್ಕೆ ದಾರಿಯಾಗುವುದು ಅಲ್ಲಿಯೇ.

ಡಬ್ಬಿಯ ಮೇಲಿನ ಮಾತು

ಪದದ ಗೊಂದಲ ಅಂಗಡಿಗೂ ಹೋಯಿತು. 1990ರ ದಶಕದಲ್ಲಿ ಅಡುಗೆ ಎಣ್ಣೆಯ ಜಾಹೀರಾತುಗಳು 'ಕೊಲೆಸ್ಟರಾಲ್ ಮುಕ್ತ' ಎಂದು ಸಾರಿದವು. ಆದರೆ ಕೊಲೆಸ್ಟರಾಲ್ ಆಹಾರದಲ್ಲಿ ಬರುವುದು ಪ್ರಾಣಿಮೂಲದಿಂದ: ಮೊಟ್ಟೆ, ಮಾಂಸ, ಹಾಲು, ಬೆಣ್ಣೆ. ನಮ್ಮ ಶೇಂಗಾ ಎಣ್ಣೆಯಲ್ಲಾಗಲಿ ಕುಸುಬಿ ಎಣ್ಣೆಯಲ್ಲಾಗಲಿ ಅದು ಇಲ್ಲವೆನ್ನುವಷ್ಟು ಕಡಿಮೆ. ಕಮಲಾಪುರದ ಕೆಂಪು ಬಾಳೆಯ ಮೇಲೂ ಅದೇ ಚೀಟಿ ಅಂಟಿಸಬಹುದು! ವನಸ್ಪತಿಯೂ ಸಸ್ಯಮೂಲದ್ದೇ. ಆದರೆ ಅದರಲ್ಲಿದ್ದ ಟ್ರಾನ್ಸ್ ಕೊಬ್ಬು ಎಲ್‌ಡಿಎಲ್ ಅನ್ನು ಏರಿಸಿ ಎಚ್‌ಡಿಎಲ್ ಅನ್ನು ಇಳಿಸುತ್ತಿತ್ತು. ಎಣ್ಣೆ ಮತ್ತು ಕೊಬ್ಬುಗಳಲ್ಲಿ ಅದು ಶೇಕಡ 2ನ್ನು ಮೀರಬಾರದೆಂಬ ನಿಯಮ ದೇಶದಲ್ಲಿ ಜಾರಿಗೆ ಬಂದದ್ದು 2022ರ ಜನವರಿಯಲ್ಲಿ.

ಇನ್ನು ಆ ಹಿರಿಯರ ಪ್ರಶ್ನೆಗೆ ಬರೋಣ. ಬಡಕಲು ದೇಹಕ್ಕೆ ಕೊಲೆಸ್ಟರಾಲ್ ಹೇಗೆ ಬಂತು? ಉತ್ತರದ ಒಂದು ಭಾಗ ಅಮೆರಿಕದ ಬ್ರೌನ್ ಮತ್ತು ಗೋಲ್ಡ್‌ಸ್ಟೀನ್ ಅವರ ಸಂಶೋಧನೆಯಲ್ಲಿದೆ. ಎಲ್‌ಡಿಎಲ್ ಅನ್ನು ರಕ್ತದಿಂದ ಸೆಳೆದುಕೊಳ್ಳುವ ಕೊಂಡಿಗಳು ಜೀವಕೋಶಗಳ ಮೇಲಿರುತ್ತವೆ ಎಂದು ಅವರು ಕಂಡುಹಿಡಿದರು. ಕೆಲವು ಮನೆತನಗಳಲ್ಲಿ ಈ ಕೊಂಡಿಗಳು ಹುಟ್ಟಿನಿಂದಲೇ ಕಡಿಮೆ. ಅಂಥವರು ತೆಳ್ಳಗಿದ್ದರೂ, ಮಿತವಾಗಿ ಉಂಡರೂ ರಕ್ತದಲ್ಲಿ ಕೊಲೆಸ್ಟರಾಲ್ ಏರುತ್ತದೆ. ಈ ಕೆಲಸಕ್ಕೆ ಇಬ್ಬರಿಗೂ 1985ರಲ್ಲಿ ನೊಬೆಲ್ ಬಂತು. ಊಟ, ವ್ಯಾಯಾಮಗಳ ಪಾತ್ರ ಇದ್ದೇ ಇದೆ. ಆದರೆ ಎಲ್ಲ ಸಂದರ್ಭದಲ್ಲೂ ಇದು ತಿಂದವನ ತಪ್ಪಲ್ಲ. ಸೊಕ್ಕಿನ ಗುರುತಂತೂ ಅಲ್ಲವೇ ಅಲ್ಲ.

ಈ ವ್ಯತ್ಯಾಸ ತಿಳಿಯದಿದ್ದರೆ ಹಾನಿ ಎರಡು ಬಗೆ. ತೆಳ್ಳಗಿರುವವರು 'ನನಗೇನು ಕೊಬ್ಬಿಲ್ಲ' ಎಂದು ಪರೀಕ್ಷೆಯನ್ನೇ ಮಾಡಿಸರು. ದಪ್ಪಗಿದ್ದವರು ಹೊಟ್ಟೆ ಕರಗಿತೆಂದು ವೈದ್ಯರನ್ನು ಕೇಳದೆ ಗುಳಿಗೆ ಬಿಡುತ್ತಾರೆ. ರಕ್ತದಲ್ಲಿ ಹೆಚ್ಚಾದ ಕೊಲೆಸ್ಟರಾಲ್ ಸಾಮಾನ್ಯವಾಗಿ ನೋವನ್ನೂ ಕೊಡದು, ಮೈಮೇಲೂ ಕಾಣದು. ಆದ್ದರಿಂದ ಮನೆಯ ಹಿರಿಯರಿಗೆ ವರದಿ ಓದಿ ಹೇಳುವಾಗ ಕೊಲೆಸ್ಟರಾಲ್ ಅನ್ನು ಕೊಲೆಸ್ಟರಾಲ್ ಎಂದೇ ಕರೆಯುವುದು ಲೇಸು. ಬಸ್ಸು, ಆಸ್ಪತ್ರೆ, ಗುಳಿಗೆಗಳನ್ನು ಅರಗಿಸಿಕೊಂಡ ಕನ್ನಡಕ್ಕೆ ಇದೊಂದು ಪದ ಭಾರವಾಗದು.